ಡೇಟಾಬೇಸ್ ಡಿಸೈನ್ ಲ್ಯಾಪ್‌ಟಾಪ್‌ನಲ್ಲೋ, ಕ್ಲೌಡ್‌ನಲ್ಲೋ? ಮಳೆ ಹಿಡಿಯುವ ಮುಂಚೆ ಒಂದು ಉತ್ತರ

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಅಂಗಿ ಹಾಕಿಕೊಂಡು ಬರುತ್ತಲೇ ಇದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಮತ್ತೆ ಕೇಳಿದರೆ ಇದನ್ನೇ ಕಳಿಸುತ್ತೇನೆ. ಟೇಬಲ್ ಎಂದರೇನು, ಪ್ರೈಮರಿ ಕೀ ಎಂದರೇನು ಎಂದು ಇಲ್ಲಿ ಹೇಳಿಕೊಡುವುದಿಲ್ಲ.

ಮೇಡಂ, ಗೋಣಿಕೊಪ್ಪಲಿನ ಸುತ್ತ ನಾಲ್ಕು ಕಾಫಿ ತೋಟಗಳಿಗೆ ಕೂಲಿ, ಕೊಯ್ಲಿನ ತೂಕ, ಚೀಲದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ ಬಳಸುತ್ತೇವೆ. ಜೊತೆಗಾರ ಮೈಸೂರಿನಲ್ಲಿದ್ದಾನೆ. ಡಿಸೈನ್‌ಗೆ ಲ್ಯಾಪ್‌ಟಾಪ್‌ನಲ್ಲೇ ಓಡುವ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಸಾಕಾ, ಆನ್‌ಲೈನ್‌ನಲ್ಲಿ ತೆರೆಯುವ ಕ್ಲೌಡ್ ಟೂಲ್ ಬೇಕಾ? ಕ್ಲೌಡ್‌ಗೆ ಹಾಕಿದರೆ ತೋಟದ ಲೆಕ್ಕವೆಲ್ಲ ಕಂಡವರ ಕೈಗೆ ಹೋಗುತ್ತದೆ ಎಂದು ತೋಟದ ಯಜಮಾನರೊಬ್ಬರು ಹೇಳುತ್ತಿದ್ದಾರೆ. ಟೇಬಲ್‌ಗಳ ಕರಡು ಜೊತೆಗಿದೆ.

ಮೊದಲು ಯಜಮಾನರ ಭಯ. ಡಿಸೈನ್ ಟೂಲ್‌ನಲ್ಲಿ ಇರುವುದು ಬರೀ ಪ್ಲಾನ್. ಟೇಬಲ್ ಹೆಸರು, ಕಾಲಂ ಹೆಸರು, ಯಾವುದು ಯಾವುದಕ್ಕೆ ಸೇರುತ್ತದೆ ಎಂಬ ಗೆರೆ, ಅಷ್ಟೇ. ಯಾರಿಗೆ ಎಷ್ಟು ಕೂಲಿ ಕೊಟ್ಟಿರಿ ಎಂಬುದು ಅಲ್ಲಿಲ್ಲ. ಮನೆಯ ಪ್ಲಾನ್ ಎಂಜಿನಿಯರ್ ಹತ್ತಿರ ಇದ್ದರೆ ಬೀರುವಿನ ಒಡವೆಯೂ ಅವರ ಹತ್ತಿರ ಇದೆ ಎಂದಾಗುತ್ತದಾ?

ಆದರೆ ಬೀರುವಿನ ಕೀಲಿಕೈಯನ್ನು ನೀವೇ ಕೊಟ್ಟರೆ ಮಾತು ಬೇರೆ. ಈಗಾಗಲೇ ಇರುವ ಡೇಟಾಬೇಸ್‌ನಿಂದ ಚಿತ್ರ ತೆಗೆಯಲು ಕೆಲವು ಆನ್‌ಲೈನ್ ಟೂಲ್‌ಗಳು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತವೆ. ನಿಮ್ಮ ಸರ್ವರ್ ತೋಟದ ಆಫೀಸಿನ ಮೂಲೆಯಲ್ಲಿದ್ದರೆ ಆ ಟೂಲ್‌ಗೆ ಅದು ಸಿಗುವುದೂ ಇಲ್ಲ. ಆಗ ಯಾರಾದರೂ ಬಂದು 'ರೂಟರ್‌ನಲ್ಲಿ 3306 ಪೋರ್ಟ್ ಓಪನ್ ಮಾಡಿ ಸಾಕು' ಎನ್ನುತ್ತಾರೆ. ಅಂದರೆ ಮೈಎಸ್‌ಕ್ಯೂಎಲ್‌ನ ಬಾಗಿಲನ್ನು ಇಂಟರ್ನೆಟ್‌ಗೆ ತೆರೆದಿಡಿ ಎಂದು. ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ತೆರೆದ ಪೋರ್ಟ್ ಹುಡುಕಿ, ಪಾಸ್‌ವರ್ಡ್ ಊಹಿಸುತ್ತಾ ಕೂರುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಅದರ ಬದಲು, ಮೈಎಸ್‌ಕ್ಯೂಎಲ್ ಜೊತೆಗೇ ಬರುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಟೂಲ್‌ಗೆ 'ನೋ-ಡೇಟಾ' ಎಂಬ ಆಯ್ಕೆ ಇದೆ. ಅದು ಒಳಗಿನ ಮಾಹಿತಿ ಬಿಟ್ಟು ಟೇಬಲ್‌ಗಳ ರಚನೆಯನ್ನಷ್ಟೇ ಒಂದು ಫೈಲ್‌ಗೆ ಬರೆದುಕೊಡುತ್ತದೆ. ಕ್ಲೌಡ್‌ಗೆ ಆ ಫೈಲ್ ಕೊಡಿ. ಪಾಸ್‌ವರ್ಡ್ ಬೇಡ. ವರ್ಕ್‌ಬೆಂಚ್ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿದ್ದು, ಲ್ಯಾಪ್‌ಟಾಪ್ ಅದೇ ಆಫೀಸಿನ ನೆಟ್‌ವರ್ಕ್‌ನಲ್ಲಿದ್ದರೆ ಈ ರಗಳೆಯೇ ಇಲ್ಲ.

ಇನ್ನು ನಾನು ಡೆಸ್ಕ್‌ಟಾಪ್ ಕಡೆ ವಾಲುವವಳು. ಯಾಕೆ ಅಂತ ಹೇಳುತ್ತೇನೆ, ಅದನ್ನು ಕಳೆದು ಓದಿಕೊಳ್ಳಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಇಲ್ಲಿ ಕೊಡಗಿನಲ್ಲಿ ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರೂ ಕಣ್ಣು ಮುಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿಗಳೇ ಮುಚ್ಚಿಹೋದಾಗ ನನ್ನ ಮನೆಯಲ್ಲಿ ದಿನಗಟ್ಟಲೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆಗ ಡಿಸೈನ್ ಯಾರಿಗೆ ಬೇಕಿತ್ತು ಬಿಡಿ. ಆದರೆ ಮತ್ತೆ ಕೆಲಸಕ್ಕೆ ಕೂತಾಗ ನೋಡಿದರೆ, ಆನ್‌ಲೈನ್ ಟೂಲ್‌ನ ಟ್ರಯಲ್ ಮುಗಿದಿತ್ತು. ಚಿತ್ರ ನೋಡಬಹುದು, ಟೇಬಲ್ ಕಟ್ಟುವ ಎಸ್‌ಕ್ಯೂಎಲ್ ಆಜ್ಞೆಗಳನ್ನು ಇಳಿಸಿಕೊಳ್ಳುವ ಹಾಗಿಲ್ಲ. ನಲವತ್ತು ಚಿಲ್ಲರೆ ಟೇಬಲ್‌ಗಳನ್ನು ಪರದೆ ನೋಡಿ ನೋಡಿ ಮತ್ತೆ ಟೈಪ್ ಮಾಡಿದೆ. ತಪ್ಪು ನನ್ನದೇ. ಮೊದಲ ದಿನವೇ ಇಳಿಸಿಕೊಳ್ಳಬಹುದಿತ್ತು.

ಹಾಗಂತ ಡೆಸ್ಕ್‌ಟಾಪ್ ಟೂಲ್‌ನವರು ಮೀಸೆ ತಿರುವಬೇಕಾಗಿಲ್ಲ. ವರ್ಕ್‌ಬೆಂಚ್ ತನ್ನ ಮಾಡೆಲ್ ಅನ್ನು ಎಂಡಬ್ಲ್ಯುಬಿ ಎಂಬ ಫೈಲ್‌ನಲ್ಲಿ ಇಡುತ್ತದೆ. ಅದೊಂದು ಜಿಪ್ ಗಂಟು. ನೀವು ಇಲ್ಲಿ ಒಂದು ಕಾಲಂ ಸೇರಿಸಿದಿರಿ, ಜೊತೆಗಾರ ಮೈಸೂರಿನಲ್ಲಿ ಇನ್ನೊಂದು ತೆಗೆದ. ಎರಡನ್ನೂ ಸುಲಭವಾಗಿ ಕೂಡಿಸಲು ಆಗುವುದಿಲ್ಲ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ 'ಫೈನಲ್', 'ಫೈನಲ್ 2', 'ಇದೇ ಫೈನಲ್' ಎಂದು ಓಡಾಡುತ್ತದೆ. ಕ್ಲೌಡ್ ಟೂಲ್ ನಿಜಕ್ಕೂ ಗೆಲ್ಲುವುದು ಇಲ್ಲಿ. ಇಬ್ಬರೂ ಒಂದೇ ಹಾಳೆಯ ಮೇಲೆ ಬರೆಯುತ್ತೀರಿ.

ನಿಮಗೆ ನನ್ನ ಸಲಹೆ ಎರಡರ ನಡುವಿನದು. ಚಿತ್ರವನ್ನು ಅಸಲು ಎಂದುಕೊಳ್ಳಬೇಡಿ. ಟೇಬಲ್ ಕಟ್ಟುವ ಎಸ್‌ಕ್ಯೂಎಲ್ ಫೈಲ್ ಅಸಲು. ಅದು ಫೈಲ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿರಲಿ, ನಿಮ್ಮಿಬ್ಬರ ಲ್ಯಾಪ್‌ಟಾಪ್‌ನಲ್ಲೂ ಇರಲಿ. ಯಾರು ಯಾವ ಸಾಲು ಬದಲಿಸಿದರು ಎಂಬುದು ಗಿಟ್‌ನಲ್ಲಿ ಕಾಣುತ್ತದೆ, ನೆಟ್ ಇಲ್ಲದಾಗಲೂ ಕೆಲಸ ನಡೆಯುತ್ತದೆ. ಚಿತ್ರ ಬೇಕಾದಾಗ ಆ ಫೈಲ್ ಅನ್ನು ವರ್ಕ್‌ಬೆಂಚ್‌ಗೆ ಕೊಟ್ಟರೆ ಬಿಡಿಸಿಕೊಡುತ್ತದೆ. ಎಸ್‌ಕ್ಯೂಎಲ್ ಬರೆಯುವುದು ಬೇಜಾರು ಎಂದರೆ ಡಿಬಿಎಂಎಲ್ ನೋಡಿ. ಡಿಬಿಡಯಾಗ್ರಾಂ ಎಂಬ ಆನ್‌ಲೈನ್ ಟೂಲ್ ಬಳಸುವ ಭಾಷೆ ಅದು. ಒಂದು ಕಡೆ ಅಕ್ಷರದಲ್ಲಿ ಬರೆಯುತ್ತಾ ಹೋದರೆ ಪಕ್ಕದಲ್ಲೇ ಚಿತ್ರ ಮೂಡುತ್ತದೆ. ಆ ಬರಹವನ್ನೂ ಗಿಟ್‌ನಲ್ಲಿಡಬಹುದು. ಯಾವ ಕ್ಲೌಡ್ ಟೂಲ್ ಆದರೂ ಮೊದಲ ದಿನ ಎರಡೇ ಟೇಬಲ್ ಹಾಕಿ, ಎಸ್‌ಕ್ಯೂಎಲ್ ಆಗಿ ಇಳಿಸಿ ನೋಡಿ. ಬರೀ ಪಿಎನ್‌ಜಿ ಚಿತ್ರ ಕೊಟ್ಟು ಎಸ್‌ಕ್ಯೂಎಲ್‌ಗೆ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಒಂದು ಎಚ್ಚರಿಕೆ. ಡ್ರಾಡಿಬಿ ಎಂಬ ಉಚಿತ ಟೂಲ್ ಬ್ರೌಸರ್‌ನಲ್ಲಿ ತೆರೆಯುತ್ತದೆ, ಅಕೌಂಟ್ ಕೇಳುವುದಿಲ್ಲ. ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಕೆಲಸ ಉಳಿಯುವುದು ನಿಮ್ಮ ಬ್ರೌಸರ್ ಒಳಗೇ. ಅದನ್ನು ಕ್ಲೌಡ್ ಎಂದುಕೊಂಡು, ಬ್ರೌಸರ್ ಸ್ಲೋ ಆಯಿತೆಂದು ಎಲ್ಲಾ ಡೇಟಾ ಕ್ಲಿಯರ್ ಮಾಡಿ, ಆಮೇಲೆ ನನಗೆ ಫೋನ್ ಮಾಡಿದವರಿದ್ದಾರೆ. ನಾನೇನು ಮಾಡಲಿ?

ನೀವೊಬ್ಬರೇ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ವರ್ಕ್‌ಬೆಂಚ್ ಸಾಕು ಎಂದು ಮುಗಿಸುತ್ತಿದ್ದೆ. ಮೈಎಸ್‌ಕ್ಯೂಎಲ್ ಬದಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಿದ್ದರೆ ಅದರ ಪಿಜಿಅಡ್ಮಿನ್ 4 ಟೂಲ್‌ನಲ್ಲೇ ಚಿತ್ರ ಬಿಡಿಸುವ ಸೌಲಭ್ಯ ಇದೆ, ಡಿಬೀವರ್ ಕೂಡ ಆಗುತ್ತದೆ.

ಈಗ ನಿಮ್ಮ ಕರಡು. ಟೂಲ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಇದನ್ನು ಇನ್ನೊಂದು ಸಲ ನೋಡಬೇಕಿತ್ತು. ಕೂಲಿ ದರವನ್ನು ಕೆಲಸಗಾರರ ಟೇಬಲ್‌ನಲ್ಲಿ ಮಾತ್ರ ಇಟ್ಟಿದ್ದೀರಿ. ರೋಬಸ್ಟಾ ಕೊಯ್ಲಿನ ನಡುವೆ ಕಿಲೋಗೆ ಒಂದು ರೂಪಾಯಿ ಏರಿಸಿದರೆ ಹಿಂದಿನ ತಿಂಗಳ ಲೆಕ್ಕವೂ ಏರಿ ಕೂರುತ್ತದೆ. ಆ ದಿನದ ದರ ಆ ದಿನದ ಸಾಲಿನಲ್ಲೇ ಇರಬೇಕು. ದುಡ್ಡಿನ ಕಾಲಂಗೆ ಫ್ಲೋಟ್ ಹಾಕಿದ್ದೀರಿ, ಅದು ದಶಮಾಂಶವನ್ನು ಅಂದಾಜಿನಲ್ಲಿ ಇಡುತ್ತದೆ. ನಿಖರವಾಗಿ ಇಡುವ ಡೆಸಿಮಲ್ ಹಾಕಿ, ಇಲ್ಲದಿದ್ದರೆ ಪೈಸೆ ತಾಳೆಯಾಗದೆ ತೋಟದ ಲೆಕ್ಕ ಬರೆಯುವ ರೈಟರ್ ನಿಮ್ಮನ್ನು ಬೈಯುತ್ತಾರೆ. 'ತೂಕ' ಎಂಬ ಕಾಲಂ ಇದೆ, ಯಾವುದರ ತೂಕ? ಗಿಡದಿಂದ ಬಂದ ಹಸಿ ಹಣ್ಣಿನದೋ, ಕಣದಲ್ಲಿ ಒಣಗಿದ ಚೆರಿಯದೋ, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟಿನದೋ? 50 ಕಿಲೋ ಚೆರಿ ಚೀಲದಲ್ಲಿ ಕಾಫಿ ಬೇಳೆ ಎಷ್ಟು ಬಂತು ಎಂಬ ಔಟ್‌ಟರ್ನ್ ಮೇಲೆ ರೇಟು ನಿಲ್ಲುವ ಊರಲ್ಲಿ ಇದನ್ನು ಒಂದೇ ಕಾಲಂಗೆ ತುಂಬಿದರೆ ಹೇಗೆ? ಎಲ್ಲವನ್ನೂ ಕಿಲೋದಲ್ಲಿ ಬರೆಯಿರಿ, ಯಾವ ಹಂತದ್ದು ಎಂಬುದಕ್ಕೆ ಬೇರೆ ಕಾಲಂ ಕೊಡಿ. ಕೊನೆಗೆ, ಕೆಲಸಗಾರರ ಹೆಸರನ್ನೇ ಪ್ರೈಮರಿ ಕೀ ಮಾಡಿದ್ದೀರಿ. ಲೈನ್ ಮನೆಗಳಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇದ್ದಾರೆ ಎಂದು ರೈಟರನ್ನು ಕೇಳಿ ನೋಡಿ.

ಇದನ್ನು ವರ್ಕ್‌ಬೆಂಚೂ ಹೇಳಲಿಲ್ಲ ಅಲ್ವಾ? ಕ್ಲೌಡ್ ಟೂಲೂ ಹೇಳುತ್ತಿರಲಿಲ್ಲ.

ಇನ್ನು ಉಳಿದ ಪ್ರಶ್ನೆಗಳು.

ಕ್ಲೌಡ್‌ನಲ್ಲಿದ್ದರೆ ಬ್ಯಾಕಪ್ ಬೇಕಾಗಿಲ್ಲ ಎಂದು ಕೋಚಿಂಗ್ ಸೆಂಟರಿನಲ್ಲಿ ಹೇಳಿದರು. ನಿಜವಾ? (ಕುಶಾಲನಗರ)

ಸುಳ್ಳು. ನೀವು ಅಳಿಸಿದರೆ ಅಲ್ಲೂ ಅಳಿಯುತ್ತದೆ. ಫೀಸ್ ವಾಪಸ್ ಕೇಳಿ.

ದೊಡ್ಡ ಕಂಪನಿಗಳು ಬಳಸುವ ದುಬಾರಿ ಡಿಸೈನ್ ಸಾಫ್ಟ್‌ವೇರ್ ಅನ್ನು ಕಂಪ್ಯೂಟರ್ ಅಂಗಡಿಯವರು 500 ರೂಪಾಯಿಗೆ ಹಾಕಿಕೊಟ್ಟರು. ತೊಂದರೆ ಇಲ್ಲ ತಾನೆ? (ವಿರಾಜಪೇಟೆ)

ಇದೆ. ಲಾಕ್ ಒಡೆದ ಸಾಫ್ಟ್‌ವೇರ್‌ಗೆ ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಟೈಪ್ ಮಾಡಿರುತ್ತೀರಿ. ವಿಂಡೋಸ್ ಹೊಸದಾಗಿ ಹಾಕಿಸಿ, ಬೇರೆ ಅಂಗಡಿಯಲ್ಲಿ. ಪಾಸ್‌ವರ್ಡ್‌ಗಳನ್ನೆಲ್ಲ ಇವತ್ತೇ ಬದಲಿಸಿ, ಬೇರೆ ಕಂಪ್ಯೂಟರ್‌ನಿಂದ.

ಎಐ ಕೇಳಿದರೆ ಡಿಸೈನ್ ಮಾಡಿಕೊಡುತ್ತದೆ. ಟೂಲ್ ಯಾಕೆ ಬೇಕು? (ಸೋಮವಾರಪೇಟೆ)

ಕರಡಿಗೆ ಕೇಳಿ, ತಪ್ಪಿಲ್ಲ. ಔಟ್‌ಟರ್ನ್ ವಿಷಯ ಅದಕ್ಕೆ ನೀವೇ ಹೇಳಬೇಕು.

ನಾಲ್ಕು ರೂಮಿನ ಹೋಂಸ್ಟೇ ಇದೆ. ಬುಕಿಂಗ್ ಡೇಟಾಬೇಸ್ ಡಿಸೈನ್ ಮಾಡಲು ಯಾವ ಟೂಲ್ ಒಳ್ಳೆಯದು? ಅತಿಥಿಗಳ ಆಧಾರ್ ಫೋಟೋಗಳು ಈಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿವೆ. (ಮಡಿಕೇರಿ)

ಪೆನ್ಸಿಲ್. ಆ ಗ್ರೂಪಿನಲ್ಲಿ ಅಡುಗೆಯವರು, ಜೀಪ್ ಡ್ರೈವರ್ ಎಲ್ಲರೂ ಇದ್ದಾರೆ ಎಂದು ನೀವೇ ಬರೆದಿದ್ದೀರಿ. ಮೊದಲು ಅಲ್ಲಿಂದ ಆ ಫೋಟೋಗಳನ್ನು ತೆಗೆಸಿ, ಆಮೇಲೆ ನನಗೆ ಬರೆಯಿರಿ.