ಅರ್ಧ ಗಂಟೆಯ ಅಡುಗೆಗೆ ಹಿಡಿದ ಹೊತ್ತು

ಆತ್ಮೀಯ ಓದುಗರೇ,

ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ನಿಮ್ಮ ಪತ್ರವನ್ನು ಮಾತ್ರ ಕಚೇರಿಯಲ್ಲಿ ಎಲ್ಲರೂ ಓದಿದೆವು. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಅದರಲ್ಲಿ ಏನಿತ್ತು ಎಂದು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಕೆಲಸಕ್ಕೆ ಹೋಗುವ ತಾಯಿ. ಎಂಟು ವರ್ಷದ ಮಗಳು, ಎರಡು ವರ್ಷದ ಮಗ. ಕಳೆದ ಸಂಚಿಕೆಯಲ್ಲಿ ನಾವು ‘ಅರ್ಧ ಗಂಟೆಯಲ್ಲಿ ಊಟ ರೆಡಿ’ ಅಂತ ಕಾಳು, ತರಕಾರಿ ಹಾಕಿ ಒಂದೇ ಪಾತ್ರೆಯಲ್ಲಿ ಮಾಡುವ ಅಡುಗೆ ಕೊಟ್ಟಿದ್ದೆವು. ಅದರ ಮುಂದಿನ ಪುಟದಲ್ಲೇ ರಜೆಯ ದಿನಗಳಿಗೆಂದು ‘ಮಕ್ಕಳಿಗೆ 50 ಉಡುಗೊರೆ’ ಎಂಬ ಪಟ್ಟಿ. ನೀವು ಬರೆದಿದ್ದೀರಿ: “ಅಡುಗೆ ಮುಗಿಯೋ ಹೊತ್ತಿಗೆ ಚಿಕ್ಕವನು ನಿದ್ದೆ ಹೋಗಿದ್ದ. ಅರ್ಧ ಗಂಟೆ ಅಂತ ಬರೆದವರು ತರಕಾರಿ ತೊಳೆದು ಹೆಚ್ಚೋದನ್ನ ಲೆಕ್ಕಕ್ಕೇ ಹಿಡಿದಿಲ್ವಾ? ನಿಮ್ಮ ಉಡುಗೊರೆ ಪಟ್ಟಿ ಓದಿ ನನಗೆ ಬಂದದ್ದು ತಲೆನೋವು. ನನ್ನ ಗಂಡ ಒಳ್ಳೆಯವರು, ಹೇಳಿದ್ದೆಲ್ಲ ಮಾಡ್ತಾರೆ. ಆದರೂ ನನಗೇ ಯಾಕೆ ಇಷ್ಟು ಸುಸ್ತು?”

ಮೊದಲು ಅಡುಗೆಯ ವಿಷಯ. ನಿಮ್ಮ ಪತ್ರ ಬಂದ ವಾರ ನಾನೇ ಮನೆಯಲ್ಲಿ ಆ ಅಡುಗೆ ಮಾಡಿದೆ. ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು, ಒಂದೊಂದು ಕೆಲಸ ಮುಗಿದಾಗಲೂ ಹಳೆ ಲಕೋಟೆಯ ಹಿಂದೆ ಹೊತ್ತು ಬರೆದುಕೊಂಡೆ. ಸಾಮಾನು ತೆಗೆದು ತರಕಾರಿ ತೊಳೆಯಲು 8 ನಿಮಿಷ. ಸಿಪ್ಪೆ ತೆಗೆದು ಹೆಚ್ಚಲು 16. ಈರುಳ್ಳಿ ಹುರಿಯಲು 22. ಎಲ್ಲ ಸೇರಿಸಿ ಬೇಯಿಸಲು 14. ಅಲ್ಲಿಗೆ ಸರಿಯಾಗಿ ಒಂದು ಗಂಟೆ. ಆಮೇಲೆ ಪಾತ್ರೆ ತೊಳೆದು, ಒಲೆ ಒರೆಸಿ, ಸಿಪ್ಪೆ ಎಸೆಯಲು ಮತ್ತೆ 13. ಒಟ್ಟು 73 ನಿಮಿಷ. ನನ್ನ ಕಾಲಿಗೆ ಜೋತುಬೀಳುವ ಎರಡು ವರ್ಷದ ಮಗು ಇರಲಿಲ್ಲ. ಫೋನೂ ಬರಲಿಲ್ಲ.

ನೀವು ಹೇಳಿದ್ದು ಸರಿ. ತಪ್ಪು ನಮ್ಮದು, ಕ್ಷಮಿಸಿ.

ತಪ್ಪಾದದ್ದು ಎಲ್ಲಿ ಅಂತ ಆ ಪುಟವನ್ನು ಮತ್ತೆ ಓದಿದೆ. ‘ಬೇಕಾಗುವ ಸಾಮಗ್ರಿ’ಯಲ್ಲಿ ಒಂದು ಸಾಲು ಹೀಗಿದೆ: ‘ಬೇಯಿಸಿದ ಕಾಳು, 2 ಬಟ್ಟಲು.’ ಆ ‘ಬೇಯಿಸಿದ’ ಎಂಬ ಒಂದು ಪದದ ಒಳಗೆ ಒಂದು ರಾತ್ರಿ ಇದೆ. ಮಲಗುವ ಮುಂಚೆ ನೆನಪಿಟ್ಟು ಕಾಳು ನೆನೆಹಾಕಬೇಕು, ಬೆಳಿಗ್ಗೆ ನೀರು ಬಸಿಯಬೇಕು, ಕುಕ್ಕರ್ ಇಡಬೇಕು, ಆವಿ ಇಳಿಯುವವರೆಗೆ ಕಾಯಬೇಕು. ‘ಸಣ್ಣಗೆ ಹೆಚ್ಚಿದ ಕ್ಯಾರೆಟ್’ ಅಂತ ಬರೆದ ತಕ್ಷಣ ಹೆಚ್ಚುವ ಕೆಲಸ ಪುಟದಿಂದಲೇ ಮಾಯ. ಅದನ್ನು ಯಾರೋ ಮಾಡಿಟ್ಟಿರುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಮನೆಯಲ್ಲಿ ಆ ಯಾರೋ ನೀವೇ ಅಲ್ವಾ?

ಈರುಳ್ಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪಿದವರು ನಾವೊಬ್ಬರೇ ಅಲ್ಲ. ‘ಐದು ನಿಮಿಷ ಹುರಿಯಿರಿ, ಹೊಂಬಣ್ಣಕ್ಕೆ ಬರುತ್ತದೆ’ ಅಂತ ಬರೆಯುವುದು ಅಡುಗೆ ಬರಹಗಳಲ್ಲಿ ರೂಢಿಯಾಗಿಬಿಟ್ಟಿದೆ. ಐದು ನಿಮಿಷದಲ್ಲಿ ಆಗುವುದು ಈರುಳ್ಳಿ ಬಾಡುವುದು, ಅಷ್ಟೇ. ಈರುಳ್ಳಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರೇ. ಆ ನೀರು ಆರುವ ತನಕ ಬಾಣಲೆಯಲ್ಲಿರುವುದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಆ ಬಿಸಿಗೆ ಬಣ್ಣ ಬೇಗ ತಿರುಗುವುದಿಲ್ಲ. ಅವಸರಕ್ಕೆ ಉರಿ ಜೋರು ಮಾಡಿದರೆ ಅಂಚು ಕಪ್ಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಹದ ಉರಿಯಲ್ಲಿ ಹೊಂಬಣ್ಣಕ್ಕೆ ಇಪ್ಪತ್ತು ನಿಮಿಷ ಬೇಕು. ಸಿಹಿಯಾಗಿ ಮೆತ್ತಗೆ ಕಂದು ಬಣ್ಣಕ್ಕೆ ಬರಬೇಕಾದರೆ ಮುಕ್ಕಾಲು ಗಂಟೆ. ನಿಮ್ಮ ಕೈಯಲ್ಲಿ ಅದು ಬೇಗ ಆಗಲಿಲ್ಲ ಅಂದರೆ ಕೈಗುಣದ ತಪ್ಪಲ್ಲ. ಕೆಲಸದ ದಿನ ಆ ಹಂತವನ್ನೇ ಬಿಟ್ಟುಬಿಡಿ. ಬಾಡಿಸಿದ ಈರುಳ್ಳಿಯ ಅಡುಗೆಯೂ ರುಚಿಯೇ.

ನಿಜವಾಗಿ ಹೊತ್ತು ಉಳಿಸುವುದು ನನ್ನ ಅನುಭವದಲ್ಲಿ ಒಂದೇ ಒಂದು: ಒಲೆ ಹೇಗೂ ಹಚ್ಚಿದ್ದೇವೆ ಅಂದಾಗ ಎರಡು ಪಟ್ಟು ಬೇಯಿಸುವುದು. ಒಂದು ಬಟ್ಟಲು ಕಾಳು ಬೇಯಿಸುವುದಕ್ಕೂ ಮೂರು ಬಟ್ಟಲು ಬೇಯಿಸುವುದಕ್ಕೂ ನಿಮ್ಮ ಕೈಗೆ ಬೀಳುವ ಕೆಲಸ ಹೆಚ್ಚುಕಡಿಮೆ ಒಂದೇ. ಕುಕ್ಕರಿನ ಒಳಗೆ ಒತ್ತಡದಿಂದಾಗಿ ನೀರು ಸುಮಾರು 120 ಡಿಗ್ರಿಯವರೆಗೂ ಏರುತ್ತದೆ, ಅದಕ್ಕೇ ಕಾಳು ಅಷ್ಟು ಬೇಗ ಮೆತ್ತಗಾಗುತ್ತದೆ. ಬೆಂದ ಕಾಳನ್ನು ಒಂದೊಂದು ಊಟಕ್ಕೆ ಆಗುವಷ್ಟು ಚಪ್ಪಟೆ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ. ಚಪ್ಪಟೆ ಯಾಕೆ ಅಂದರೆ, ಉಂಡೆಯಾಗಿ ಗಟ್ಟಿಯಾದದ್ದು ಕರಗಲು ಗಂಟೆಗಟ್ಟಲೆ ಕಾಯಿಸುತ್ತದೆ. ತೆಳ್ಳಗಿರುವುದನ್ನು ಕೈಯಲ್ಲೇ ಮುರಿದು ಬಾಣಲೆಗೆ ಹಾಕಬಹುದು.

ಎರಡು ಎಚ್ಚರಿಕೆ ಮಾತ್ರ ಇಲ್ಲಿ ಹೇಳಲೇಬೇಕು. ರಾಜ್ಮಾ ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊತಕೊತ ಕುದಿಸಿಯೇ ಮುಂದಿನ ಅಡುಗೆ. ಅರೆಬೆಂದ ರಾಜ್ಮಾದಲ್ಲಿ ವಾಂತಿ ತರಿಸುವ ವಿಷಾಂಶ ಇರುತ್ತದೆ. ಸಣ್ಣ ಬಿಸಿಯಲ್ಲಿ ದಿನವಿಡೀ ಬೇಯಿಸುವ ಪಾತ್ರೆಗಳಲ್ಲಿ ಅದು ಹೋಗುವುದಿಲ್ಲ. ಇನ್ನು ಅನ್ನ. ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬೇಡಿ. ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿಯಲ್ಲಿ ಇರಬಹುದು, ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, ಮಾರನೇ ದಿನವೇ ಮುಗಿಸಿ. ಬೇರೆ ಅಡುಗೆಯಾದರೆ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ, ಮೂರು ದಿನ ಧಾರಾಳವಾಗಿ ಉಣ್ಣಬಹುದು. ಚಿಕ್ಕ ಮಗು ಇರುವ ಮನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಿಮ್ಮ ಮೂರನೇ ಪ್ರಶ್ನೆ. ಉಡುಗೊರೆಗಿಂತ ಮೊದಲು ಇದಕ್ಕೆ ಉತ್ತರಿಸುತ್ತೇನೆ, ಯಾಕೆಂದರೆ ಉಳಿದೆರಡರ ಬೇರೂ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ‘ಹೇಳಿದ್ದೆಲ್ಲ ಮಾಡ್ತಾರೆ’ ಅಂದಿರಲ್ಲ, ಆ ‘ಹೇಳುವ’ ಕೆಲಸ ಯಾರದು?

2019ರಲ್ಲಿ ಆಲಿಸನ್ ಡ್ಯಾಮಿಂಜರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆಲಸದ ಹಿಂದಿರುವ ಯೋಚನೆಯನ್ನು ಅವರು ನಾಲ್ಕು ಭಾಗ ಮಾಡಿದ್ದಾರೆ. ಏನು ಬೇಕಾಗುತ್ತದೆ ಅಂತ ಮುಂಚೆಯೇ ಕಂಡುಕೊಳ್ಳುವುದು, ಅದಕ್ಕೆ ಏನೇನು ದಾರಿ ಇದೆ ಅಂತ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ಅಂತ ಕಣ್ಣಿಡುವುದು. ತೀರ್ಮಾನವನ್ನು ಗಂಡ ಹೆಂಡತಿ ಸಾಮಾನ್ಯವಾಗಿ ಸೇರಿಯೇ ಮಾಡುತ್ತಿದ್ದರು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಡತಿಯ ಪಾಲಿಗೆ ಬಿದ್ದಿದ್ದವು. ಹಾಲು ಮುಗಿಯುತ್ತಾ ಬಂತು ಅಂತ ಮೊದಲು ಗೊತ್ತಾಗುವುದು ಯಾರಿಗೆ, ತಂದರಾ ಅಂತ ರಾತ್ರಿ ಕೇಳುವುದು ಯಾರು, ನಿಮ್ಮ ಮನೆಯಲ್ಲೇ ಒಮ್ಮೆ ನೋಡಿ. ಈ ಎರಡೂ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ. ನಮ್ಮ ಅಡುಗೆ ಪುಟ ‘ಬೇಯಿಸಿದ ಕಾಳು’ ಅಂತ ಬರೆದು ದಾಟಿಹೋದದ್ದೂ ಇದೇ ಹೊತ್ತನ್ನು.

ಹಾಗಾಗಿ ಕೆಲಸ ಹಂಚುವುದಾದರೆ ಇಡಿಯಾಗಿ ಹಂಚಿ. ‘ಈರುಳ್ಳಿ ಹೆಚ್ಚಿಕೊಡಿ’ ಅಂದರೆ ಯಜಮಾನಿಕೆ ಇನ್ನೂ ನಿಮ್ಮ ತಲೆಯಲ್ಲೇ ಇರುತ್ತದೆ. ಅದರ ಬದಲು ವಾರದಲ್ಲಿ ಎರಡು ರಾತ್ರಿಯೂಟ ಪೂರ್ತಿ ಅವರದ್ದು ಅಂತ ಮಾಡಿಕೊಳ್ಳಿ. ಏನಿದೆ ಅಂತ ನೋಡುವುದು, ತರುವುದು, ಏನು ಮಾಡುವುದೆಂದು ಯೋಚಿಸುವುದು, ಮಾಡುವುದು, ಪಾತ್ರೆ ತೊಳೆಯುವುದು ಎಲ್ಲವೂ. ಮೊದಮೊದಲು ಎರಡು ರಾತ್ರಿಯೂ ಮೊಟ್ಟೆ ಅನ್ನವೇ ಬರಬಹುದು. ಬರಲಿ. ಆ ಹೊತ್ತಿನಲ್ಲಿ ನೀವು ಅಡುಗೆಮನೆಗೆ ಹೋಗಿ ಉಪ್ಪು ನೋಡಬಾರದು. ನನಗೆ ಗೊತ್ತಿದೆ, ಇದು ಹೇಳಿದಷ್ಟು ಸುಲಭ ಅಲ್ಲ. ಉಪ್ಪು ನೋಡದೆ ಹೊರಗೆ ಕೂತಿರುವುದೇ ಮೊದಲ ತಿಂಗಳ ದೊಡ್ಡ ಕೆಲಸ. ಮಗಳಿಗೂ ಎಂಟು ವರ್ಷ. ಬೇಯಿಸಿದ ಮೊಟ್ಟೆ ಸುಲಿಯುವುದು, ತರಕಾರಿ ತೊಳೆಯುವುದು, ತಟ್ಟೆ ಹಾಕುವುದು ಅವಳದೇ ಅಂತಾದರೆ ದಿನಾ ಹೇಳಬೇಕಾಗುವುದಿಲ್ಲ.

ಉಡುಗೊರೆಯಲ್ಲೂ ನಮ್ಮಿಂದ ಆದದ್ದು ಇದೇ ತಪ್ಪು. 50 ಉಡುಗೊರೆ ಅಂದರೆ 50 ಸಲ ‘ಇದು ಬೇಕಾ, ಬೇಡವಾ’ ಅಂತ ಯೋಚಿಸುವ ಕೆಲಸ. ಆಗಲೇ ದಣಿದವರ ಮೇಲೆ ಅದನ್ನು ಹೇರಿದೆವು. ಅಷ್ಟಕ್ಕೂ ಚಿಕ್ಕ ಮಕ್ಕಳಿಗೆ ಜಾಸ್ತಿ ಆಟಿಕೆ ಬೇಕಾಗಿಯೇ ಇಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಮ್ಮ ಮಗನ ವಯಸ್ಸಿನ 36 ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರರ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಹೆಚ್ಚು ಹೊತ್ತು ಹಿಡಿದು, ಹೆಚ್ಚು ಬಗೆಯಲ್ಲಿ ಆಡಿದರು. ಮನೆಯಲ್ಲಿ ಈಗಿರುವ ಆಟಿಕೆಗಳಲ್ಲಿ ಮುಕ್ಕಾಲು ಭಾಗವನ್ನು ಒಂದು ಪೆಟ್ಟಿಗೆಗೆ ಹಾಕಿ ಎತ್ತಿಡಿ. ರಜೆ ಶುರುವಾದಾಗ ಅದರಿಂದ ಎರಡು ತೆಗೆದರೆ ಅವನಿಗೆ ಅವೇ ಹೊಸತು.

ಕೊಳ್ಳಲೇಬೇಕು ಅಂದಾಗ ನೋಡಬೇಕಾದದ್ದು ಬೇರೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ನನ್ನ ಮಗನಿಗೂ ಆಗ ಎರಡು ವರ್ಷ. ಹಿಂದಿನ ರಾತ್ರಿ ಅವಸರದಲ್ಲಿ ತಂದ ಆಟದ ಕಾರು. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಒಳಗೆ ಬ್ಯಾಟರಿ ಇಲ್ಲ. ಬ್ಯಾಟರಿ ಸಿಕ್ಕಿತು ಅನ್ನುವಷ್ಟರಲ್ಲಿ ಮುಚ್ಚಳಕ್ಕೊಂದು ಪುಟ್ಟ ಸ್ಕ್ರೂ. ಅದಕ್ಕಾಗುವ ಸ್ಕ್ರೂಡ್ರೈವರ್ ಮನೆಯಲ್ಲಿ ಇರಲಿಲ್ಲ. ಚಾಕುವಿನ ತುದಿಯಲ್ಲಿ ತಿರುಗಿಸಿ ತಿರುಗಿಸಿ ಸ್ಕ್ರೂವಿನ ತಲೆಯೇ ಸವೆದುಹೋಯಿತು. ಮಗ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಾ ಕೂತಿದ್ದ. ಕೊನೆಗೆ ಮುಚ್ಚಳ ಎಬ್ಬಿಸಿ ತೆಗೆದು, ಮೇಲೆ ಟೇಪ್ ಸುತ್ತಿ ಕೊಟ್ಟುಬಿಟ್ಟೆ.

ಹಾಗೆ ಮಾಡಬಾರದಿತ್ತು. ಆ ಸ್ಕ್ರೂ ಇರುವುದೇ ಮಗು ಮುಚ್ಚಳ ತೆರೆಯದಿರಲಿ ಅಂತ. ಬಟನ್ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಬಲವಾದ ಪುಟ್ಟ ಅಯಸ್ಕಾಂತಗಳೂ ಅಷ್ಟೇ ಅಪಾಯ. ಎರಡು ನುಂಗಿದರೆ ಕರುಳಿನ ಗೋಡೆಗಳ ಆಚೀಚೆ ಒಂದನ್ನೊಂದು ಎಳೆದು ಹಿಡಿಯುತ್ತವೆ. ಮೂರು ವರ್ಷದೊಳಗಿನ ಮಗುವಿಗೆ ತರುವ ಆಟಿಕೆಯ ಬಿಡಿಭಾಗವನ್ನು ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಯೊಳಗೆ ಹಾಕಿ ನೋಡಿ. ತೂರಿಹೋದರೆ ಅದು ಗಂಟಲಿಗೂ ಸಿಗುವಷ್ಟು ಚಿಕ್ಕದು, ಬೇಡ. ಅಕ್ಕನಿಗೆ ತಂದ ಆಟಿಕೆ ತಮ್ಮನ ಕೈಗೆ ಸಿಕ್ಕೇ ಸಿಗುತ್ತದೆ, ಅದನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ನಮ್ಮ 50ರ ಪಟ್ಟಿಯಲ್ಲಿ ಈ ಒಂದು ಮಾತೂ ಇರಲಿಲ್ಲ.

ಮಗಳಿಗೆ ಏನು ಕೊಡಲಿ ಅಂತ ಕೇಳಿದ್ದೀರಿ. ಅವಳನ್ನೇ ಕೇಳಿ. ಚಕಿತಗೊಳಿಸುವ ಉಡುಗೊರೆಯೇ ದೊಡ್ಡದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1993ರಲ್ಲಿ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ, ಪ್ರೀತಿಯ ಬೆಲೆ ಬಿಟ್ಟು ಬರೀ ವಸ್ತುವಿಗೆ ಅವರು ಕಟ್ಟಿದ ಬೆಲೆ, ಕೊಟ್ಟವರು ಮಾಡಿದ ಖರ್ಚಿಗಿಂತ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೂ ಕಡಿಮೆ ಇತ್ತು. ಗೆಳೆಯರು ಕೊಟ್ಟದ್ದರಲ್ಲಿ ಈ ವ್ಯತ್ಯಾಸ ಕಡಿಮೆ, ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮನಂಥ ನೆಂಟರು ಕೊಟ್ಟದ್ದರಲ್ಲಿ ಜಾಸ್ತಿ. ಅಂದರೆ ಹತ್ತಿರದಿಂದ ಬಲ್ಲವರು ಸರಿಯಾಗಿ ಆರಿಸುತ್ತಾರೆ, ಉಳಿದವರು ಕೇಳುವುದೇ ವಾಸಿ. ನಾನು ಮಾಡುವುದು ಹೀಗೆ. ಮಗ ಏನಾದರೂ ಬೇಕು ಅಂದ ದಿನ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇನೆ, ಅವನ ಎದುರಿಗೇ. ಒಂದು ತಿಂಗಳ ಮೇಲೂ ಅದನ್ನೇ ಕೇಳಿದರೆ ಪಟ್ಟಿಯಲ್ಲಿ ಉಳಿಯುತ್ತದೆ. ಮುಕ್ಕಾಲುಪಾಲು ಅವನಿಗೇ ಮರೆತುಹೋಗಿರುತ್ತದೆ. ನೆಂಟರು ‘ಏನು ತರಲಿ’ ಅಂದಾಗ ಆ ಪುಟ ತೆಗೆದರಾಯಿತು. ಇನ್ನು ದೊಡ್ಡವರಿಗೆ ಕೊಡುವ ಉಡುಗೊರೆಗಳನ್ನು ಅಪ್ಪ ಮಗಳು ಸೇರಿ ನೋಡಿಕೊಳ್ಳಲಿ. ಆರಿಸುವುದರಿಂದ ಕಾಗದ ಸುತ್ತುವವರೆಗೆ ಪೂರ್ತಿ.

ಮುಂದಿನ ಸಂಚಿಕೆಯಿಂದ ನಮ್ಮ ಅಡುಗೆ ಪುಟದಲ್ಲಿ ಹೊತ್ತನ್ನು ಬೇರೆ ರೀತಿ ಅಳೆಯುತ್ತೇವೆ. ತರಕಾರಿ ಬುಟ್ಟಿಗೆ ಕೈ ಹಾಕಿದ ಕ್ಷಣದಿಂದ ಕೊನೆಯ ಪಾತ್ರೆ ತೊಳೆದಿಡುವವರೆಗೆ. ನೆನೆಹಾಕುವುದಿದ್ದರೆ ‘ಹಿಂದಿನ ರಾತ್ರಿ’ ಅಂತ ಮೊದಲ ಸಾಲಿನಲ್ಲೇ ಇರುತ್ತದೆ. ಅಚ್ಚಿಗೆ ಹೋಗುವ ಮುಂಚೆ ಕಚೇರಿಯಲ್ಲಿ ಒಬ್ಬರು ಮನೆಯಲ್ಲಿ ಮಾಡಿ ನೋಡಿರುತ್ತಾರೆ. ಉಡುಗೊರೆ ಪಟ್ಟಿ ಐದು ದಾಟುವುದಿಲ್ಲ.

ನಿಮ್ಮ ಪತ್ರದ ಕೊನೆಯ ಸಾಲು ‘ಚಿಕ್ಕವನು ಎದ್ದ, ಇಲ್ಲಿಗೆ ನಿಲ್ಲಿಸ್ತೀನಿ’ ಅಂತಿತ್ತು. ಅದಕ್ಕೆ ಮುಂಚೆ ‘ಇನ್ನೊಂದು ವಿಷಯ’ ಅಂತ ಬರೆದು ಬಿಟ್ಟಿದ್ದೀರಿ. ಆ ಇನ್ನೊಂದು ವಿಷಯ ಏನು ಅಂತ ಬರೆಯಿರಿ. ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಹಾಗೇ ಕಳಿಸಿ.

— ಸಂ.