ಅಡುಗೆಮನೆ ಪ್ರಶ್ನೋತ್ತರ: ಅವಸರದ ಊಟ, ಹದ ತಪ್ಪದಂತೆ

ಪ್ರಶ್ನೆ: ಕೆಲಸ ಬೇಗ ಮುಗಿಯಲೆಂದು ಅನ್ನ, ತೊಗರಿಬೇಳೆ ಎರಡನ್ನೂ ಒಂದೇ ಕುಕ್ಕರಿನಲ್ಲಿ ಇಡುತ್ತೇನೆ. ಅನ್ನ ಮುದ್ದೆಯಾದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ. ಏಕೆ?

ಉತ್ತರ: ಬೇಳೆಗೆ ಅಕ್ಕಿಗಿಂತ ಹೆಚ್ಚು ಹೊತ್ತು ಬೇಕು. ಸೀಟಿ ಹೆಚ್ಚಿಸಿದರೆ ಅನ್ನ ಕೆಡುತ್ತದೆ, ಅಷ್ಟೆ. ಅದರ ಬದಲು ಅರ್ಧ ಕಪ್ ಬೇಳೆಯನ್ನು ತೊಳೆದು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ. ಅಕ್ಕಿ ನೆನೆಸುವುದು ಬೇಡ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ. ಕೆಳಗಿನ ಪಾತ್ರೆಗೆ ಬೇಳೆ, ಒಂದೂವರೆ ಕಪ್ ನೀರು, ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ; ಮೇಲಿನದಕ್ಕೆ ಒಂದು ಕಪ್ ಸೋನಾಮಸೂರಿ, ಎರಡು ಕಪ್ ನೀರು. ನಾಲ್ಕು ಸೀಟಿಯ ನಂತರ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ಬೇಳೆ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೊರೆ ಉಕ್ಕಿ ಸೀಟಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಇಷ್ಟಾದರೂ ಬೇಯದಿದ್ದರೆ ಟೊಮೆಟೊ ಅಥವಾ ಹುಣಸೆಹುಳಿಯನ್ನು ಮೊದಲೇ ಹಾಕುತ್ತಿದ್ದೀರಾ ನೋಡಿ. ಹುಳಿ ಇದ್ದಲ್ಲಿ ಬೇಳೆ ಮೆತ್ತಗಾಗುವುದು ನಿಧಾನ. ಬೋರ್‌ವೆಲ್ಲಿನ ಗಡಸು ನೀರೂ ಹಾಗೆಯೇ ಮಾಡುತ್ತದೆ. ಬೇಳೆಗೆ ಮಾತ್ರ ಆರ್‌ಒ ಫಿಲ್ಟರ್ ನೀರು ಬಳಸಿ. ವರ್ಷದ ಹಳೆ ಬೇಳೆಯಾಗಿದ್ದರೆ ನೆನೆಸುವ ಹೊತ್ತನ್ನು ದುಪ್ಪಟ್ಟು ಮಾಡಿ.

ಪ್ರಶ್ನೆ: ತೆಂಗಿನತುರಿಯನ್ನು ಫ್ರೀಜರಿನಲ್ಲಿಟ್ಟು ಹುಳಿಗೆ ರುಬ್ಬಿದರೆ ಮಿಕ್ಸಿಯಲ್ಲಿ ಜಿಡ್ಡು ಉಂಡೆಗಟ್ಟುತ್ತದೆ.

ಉತ್ತರ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತಣ್ಣನೆಯ ತುರಿಯನ್ನು ತಣ್ಣೀರು ಹಾಕಿ ತಿರುಗಿಸಿದರೆ ಆ ಜಿಡ್ಡು ಬೇರ್ಪಡುತ್ತದೆ. ತುರಿಯನ್ನು ಹತ್ತು ನಿಮಿಷ ಹೊರಗಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ. ಒಂದು ಸಲಕ್ಕೆ ಬೇಕಾಗುವ ಅರ್ಧ ಕಪ್ಪಿನಂತೆ ಕವರಿನಲ್ಲಿ ತೆಳ್ಳಗೆ ಹರಡಿಟ್ಟರೆ ಕಲ್ಲಿನಂಥ ಗಟ್ಟಿಯನ್ನು ಕುಟ್ಟುವ ಗೋಜಿಲ್ಲ.

ಪ್ರಶ್ನೆ: ಹುಣಸೆಹಣ್ಣಿನ ಬದಲು ಅಂಗಡಿಯ ಪೇಸ್ಟ್ ಆದೀತೇ?

ಉತ್ತರ: ಧಾರಾಳವಾಗಿ. ನಾಲ್ವರ ಸಾರಿಗೆ ಒಂದು ಟೀ ಚಮಚದಿಂದ ಶುರು ಮಾಡಿ, ರುಚಿ ನೋಡಿ ಹೆಚ್ಚಿಸಿ. ಹಲವು ಪೇಸ್ಟ್‌ಗಳಲ್ಲಿ ಉಪ್ಪು ಇರುತ್ತದೆ, ಹಾಗಾಗಿ ನಿಮ್ಮ ಉಪ್ಪು ಕೊನೆಗಿರಲಿ.

ಪ್ರಶ್ನೆ: ವಾರಕ್ಕಾಗುವಷ್ಟು ಬೆಳ್ಳುಳ್ಳಿ ಒಗ್ಗರಣೆ ಮಾಡಿ ಬಾಟಲಿಯಲ್ಲಿ ತುಂಬಿಡಬಹುದೇ?

ಉತ್ತರ: ಬೇಡ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಗೆ ಗಾಳಿ ತಾಗದು. ಹೊರಗಿಟ್ಟರೆ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಅದರಲ್ಲಿ ಹುಟ್ಟಬಹುದು, ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ. ಅಪಾಯದ ಮಾತು ಬಿಟ್ಟರೂ, ಕರಿಬೇವಿನ ಘಮ ಮರುದಿನಕ್ಕೇ ಹೋಗಿರುತ್ತದೆ. ಬೇಳೆ, ತುರಿ, ಪುಡಿ ಮೊದಲೇ ಸಿದ್ಧವಾಗಿರಲಿ, ಒಗ್ಗರಣೆ ಮಾತ್ರ ಬಡಿಸುವ ಮುನ್ನ. ಹಿಡಿಯುವುದು ಎರಡೇ ನಿಮಿಷ: ಎಣ್ಣೆ ಕಾದಮೇಲೆ ಸಾಸಿವೆ, ಅದು ಸಿಡಿದು ನಿಂತ ಮೇಲೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕೆಂಪಗಾಗುತ್ತಲೇ ಕರಿಬೇವು. ಇಂಗು ಬೇಕಿದ್ದರೆ ಉರಿ ಆರಿಸಿದ ಮೇಲೆ ಹಾಕಿ, ಸೀದರೆ ಕಹಿ.