ಅಂಟಂಟಾದ ಹಳೇ ಎಸ್‌ಜಿ ಗಿಟಾರ್, ತಿರುಗದ ಬ್ರಿಜ್ ಸ್ಕ್ರೂ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ನುಡಿಸ್ತಿದ್ದ ಗಿಬ್ಸನ್ ಕಂಪನಿಯ ಎಸ್‌ಜಿ ಎಲೆಕ್ಟ್ರಿಕ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ, ಚೆರ್ರಿ ಕಲರ್. ವರ್ಷಗಟ್ಲೆ ಸ್ಟ್ಯಾಂಡ್ ಮೇಲೇ ಇತ್ತು. ನೆಕ್ ಹಿಂದೆ ಸ್ಟ್ಯಾಂಡಿನ ರಬ್ಬರ್ ತಾಗ್ತಿದ್ದ ಕಡೆ ಬಣ್ಣ ಅಂಟಂಟಾಗಿದೆ, ಬಾಡಿ ತುಂಬಾ ಕೂದಲೆಳೆ ಥರ ಬಿರುಕು, ಅಂಚಲ್ಲಿ ಒಂದೆರಡು ಕಡೆ ಮರ ಕಾಣ್ತಿದೆ. ತಂತಿಗಳನ್ನ ಹೊರೋ ಬ್ರಿಜ್‌ನ ಸ್ಕ್ರೂ ತುಕ್ಕು ಹಿಡಿದು ತಿರುಗ್ತಿಲ್ಲ, ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತೆ. ಸೀರಿಯಲ್ ನಂಬರ್ ಹುಡುಕಿದ್ರೆ ಎರಡ್ಮೂರು ಬೇರೆ ಬೇರೆ ವರ್ಷ ತೋರಿಸುತ್ತೆ. ಪೂರ್ತಿ ಸ್ಯಾಂಡ್ ಮಾಡ್ಸಿ ಪಾಲಿಯುರಿಥೇನ್ ಹೊಡೆಸಿ, ಹಾರ್ಡ್‌ವೇರ್ ಎಲ್ಲಾ ಹೊಸದು ಹಾಕೋಣ ಅಂತಿದೀನಿ. ಸರಿನಾ?

ಉತ್ತರ: ಸ್ಯಾಂಡ್‌ಪೇಪರ್ ಇನ್ನೂ ಮುಟ್ಟಿಲ್ಲ ತಾನೆ? ಹಾಗಾದ್ರೆ ಏನೂ ಕೆಟ್ಟಿಲ್ಲ. ನನ್ನ ಮಟ್ಟಿಗೆ ಹಳೇ ಗಿಟಾರ್ ಅಂದ್ರೆ ಕೆಲಸ ಮಾಡೋ ಭಾಗಗಳು ಸರಿಯಾಗಿ ಕೆಲಸ ಮಾಡ್ಬೇಕು, ನೋಡೋಕೆ ಹಳೇದಾಗೇ ಇದ್ರೂ ಪರ್ವಾಗಿಲ್ಲ. ನೀವು ಅದನ್ನ ಉಲ್ಟಾ ಮಾಡೋಕೆ ಹೊರಟಿದೀರ. ಒರಿಜಿನಲ್ ಬಣ್ಣ ಒಂದ್ಸಲ ಹೋದ್ರೆ ಮತ್ತೆ ತರೋಕಾಗಲ್ಲ, ಮಾರೋ ಯೋಚನೆ ಇದ್ರೂ ಅಷ್ಟೇ, ವಿಂಟೇಜ್ ಗಿಟಾರ್‌ಗೆ ರೀಫಿನಿಶ್, ಅಂದ್ರೆ ಮತ್ತೆ ಬಣ್ಣ, ಆಗಿದೆ ಅಂತ ಗೊತ್ತಾದ್ರೆ ಬೆಲೆ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರಬ್ಬರ್ ತಾಗಿದ ಕಡೆ ಬಣ್ಣ ಅಂಟಾಗಿದೆ, ಜೊತೆಗೆ ಮೈಯೆಲ್ಲಾ ಸಣ್ಣ ಬಿರುಕು ಅಂದ್ರೆ ಅದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಗಿಬ್ಸನ್ ಬಳಸ್ತಿದ್ದದ್ದೂ ಅದನ್ನೇ. ರಬ್ಬರ್, ವಿನೈಲ್ ಮೆತ್ತಗಿರ್ಲಿ ಅಂತ ಹಾಕಿರೋ ಕೆಮಿಕಲ್ ನಿಧಾನಕ್ಕೆ ಲ್ಯಾಕರ್ ಒಳಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತೆ. ಪಾಲಿಯೆಸ್ಟರ್, ಪಾಲಿಯುರಿಥೇನ್‌ಗೆ ಸಾಮಾನ್ಯವಾಗಿ ಹೀಗಾಗಲ್ಲ, ಯಾಕಂದ್ರೆ ಅವು ಒಣಗುವಾಗ ಕೆಮಿಕಲ್ ಆಗಿ ಗಟ್ಟಿಯಾಗ್ತವೆ, ಆಮೇಲೆ ಥಿನ್ನರ್ ಹಾಕಿದ್ರೂ ಕರಗಲ್ಲ. ನೈಟ್ರೋ ಬರೀ ಥಿನ್ನರ್ ಆರಿಹೋಗಿ ಒಣಗುತ್ತೆ, ಹಾಗಾಗಿ ಎಷ್ಟೇ ವರ್ಷ ಆದ್ರೂ ಥಿನ್ನರ್ ಬಿದ್ರೆ ಮತ್ತೆ ಕರಗುತ್ತೆ. ಇನ್ನೂ ಡೌಟ್ ಇದ್ರೆ ಹಿಂದಿನ ಕಂಟ್ರೋಲ್ ಪ್ಲೇಟ್ ಬಿಚ್ಚಿ, ಹೊರಗೆ ಕಾಣದ ಜಾಗದಲ್ಲಿ ಬಣ್ಣ ಬಿದ್ದಿದ್ರೆ ಅಲ್ಲಿ ಕಿವಿಗೆ ಹಾಕೋ ಹತ್ತಿಕಡ್ಡಿಯಲ್ಲಿ ಒಂದು ಚೂರು ಅಸಿಟೋನ್ ತಾಗಿಸಿ ನೋಡಿ, ಮೆತ್ತಗಾದ್ರೆ ನೈಟ್ರೋನೇ. ಹೊರಗಡೆ ಮಾತ್ರ ಅಸಿಟೋನ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಸ್ಪಿರಿಟ್ ಯಾವುದೂ ಹತ್ರ ತರ್ಬೇಡಿ.

ಪ್ಲೇಟ್ ಬಿಚ್ಚಿದಾಗ ವಾಲ್ಯೂಮ್, ಟೋನ್ ಪಾಟ್‌ಗಳ (ಗುಂಡಿ ಕೆಳಗಿರೋ ಕಂಟ್ರೋಲ್) ಬೆನ್ನ ಮೇಲೆ ಒತ್ತಿರೋ ನಂಬರ್ ಬರ್ಕೊಳ್ಳಿ. ಗಿಬ್ಸನ್‌ನವರು 1960ರ ದಶಕದಿಂದ 70ರ ದಶಕದ ಮಧ್ಯದವರೆಗೆ ಅದೇ ಸೀರಿಯಲ್ ನಂಬರ್‌ಗಳನ್ನ ಬೇರೆ ಬೇರೆ ವರ್ಷ ಮತ್ತೆ ಬಳಸಿದ್ರು, ನಿಮಗೆ ಎರಡ್ಮೂರು ವರ್ಷ ತೋರಿಸ್ತಿರೋದು ಅದಕ್ಕೇ. ಪಾಟ್ ಮೇಲೆ ಉದಾಹರಣೆಗೆ 1377225 ಅಂತಿದ್ರೆ 137 ಅಂದ್ರೆ ಸಿಟಿಎಸ್ ಕಂಪನಿ, 72 ಅಂದ್ರೆ 1972, 25 ಅಂದ್ರೆ ಆ ವರ್ಷದ 25ನೇ ವಾರ. ಇದು ಪಾಟ್ ತಯಾರಾದ ದಿನ, ಗಿಟಾರ್‌ದಲ್ಲ. ಪಾಟ್ ಒರಿಜಿನಲ್ ಆಗಿದ್ರೆ ಗಿಟಾರ್ ಅದಕ್ಕಿಂತ ಹಿಂದಿನದಾಗಿರೋಕೆ ಸಾಧ್ಯ ಇಲ್ಲ ಅಂತ ಮಾತ್ರ ಹೇಳ್ಬಹುದು. ಹಳೇ ಸೋಲ್ಡರ್ ಕದಲಿಸ್ಬೇಡಿ, ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಈಗ ಕ್ಲೀನಿಂಗ್. ಮಾಸಿದೆ ಅಂತ ಅನ್ಸೋದ್ರಲ್ಲಿ ಮುಕ್ಕಾಲು ಪಾಲು ಬೆವರು, ಹೊಗೆ, ಹಳೇ ಪಾಲಿಶ್. ನ್ಯಾಫ್ತಾ, ಅಂದ್ರೆ ಲೈಟರ್‌ಗೆ ತುಂಬೋ ದ್ರವ, ಮೆತ್ತನೆ ಕಾಟನ್ ಬಟ್ಟೆಗೆ ಸ್ವಲ್ಪ ಹಾಕಿ ಅಂಗೈಯಗಲ ಜಾಗ ಒರೆಸಿ, ಬಟ್ಟೆ ಬದಲಾಯಿಸಿ, ಮುಂದಕ್ಕೆ ಹೋಗಿ. ನೈಟ್ರೋಗೆ ಅದು ಏನೂ ಮಾಡಲ್ಲ, ಆದ್ರೂ ಮೊದ್ಲು ಕಾಣದ ಜಾಗದಲ್ಲಿ ನೋಡ್ಕೊಳ್ಳಿ. ಬೆಂಕಿ ಬೇಗ ಹತ್ಕೊಳ್ಳೋ ವಸ್ತು, ಕಿಟಕಿ ತೆಗೆದಿಡಿ, ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಬಿಸಿ ಇರ್ಬಾರ್ದು, ಒರೆಸಿದ ಬಟ್ಟೆ ಹೊರಗೆ ಹರಡಿ ಒಣಗಿಸಿ. ನೀರಿನ ಬಟ್ಟೆ ಬೇಡ, ಬಿರುಕಿನ ಒಳಗೆ ನೀರು ಇಳಿದ್ರೆ ಮರ ಉಬ್ಬಿ ಬಣ್ಣ ಏಳುತ್ತೆ. ಸಿಲಿಕೋನ್ ಇರೋ ಪಾಲಿಶ್ ಕೂಡ ಬೇಡ, ಮುಂದೆ ಯಾವತ್ತಾದ್ರೂ ಲ್ಯಾಕರ್ ಹೊಡೆಯೋ ಪ್ರಸಂಗ ಬಂದ್ರೆ ಸಿಲಿಕೋನ್ ಇದ್ದ ಕಡೆ ಲ್ಯಾಕರ್ ನಿಲ್ಲಲ್ಲ, ಸಣ್ಣ ಸಣ್ಣ ಗುಳಿ ಬೀಳುತ್ತೆ.

ಬಿರುಕುಗಳು ಹಾಗೇ ಇರ್ಲಿ. ಮರ ಹಿಗ್ಗೋದು ಕುಗ್ಗೋದು ಮಾಡುತ್ತೆ, ವಯಸ್ಸಾದ ಲ್ಯಾಕರ್‌ಗೆ ಅದರ ಜೊತೆ ಬಗ್ಗೋ ಶಕ್ತಿ ಇಲ್ಲ, ಥಂಡಿಯಿಂದ ಬಿಸಿಗೆ ಒಮ್ಮೆಲೇ ಬಂದ್ರಂತೂ ಬಿರಿಯುತ್ತೆ. ಅದು ರೋಗ ಅಲ್ಲ, ಆ ಬಿರುಕಿಗೋಸ್ಕರ ಹೊಸ ಗಿಟಾರ್‌ಗೆ ಬೇಕಂತಲೇ ಬಿರುಕು ಹಾಕ್ಸಿ ಮಾರೋರಿದಾರೆ, ನೀವು ನೋಡಿದ್ರೆ ಇರೋದನ್ನ ತೆಗೆಸೋಕೆ ಹೊರಟಿದೀರ! ಮರ ಕಾಣೋ ಕಡೆ ಬೆವರು ಇಳಿಯದ ಹಾಗೆ ತೆಳ್ಳಗೆ ಒಂದೆರಡು ಕೋಟ್ ಕ್ಲಿಯರ್ ನೈಟ್ರೋ ಸಣ್ಣ ಬ್ರಷ್‌ನಲ್ಲಿ ಹಚ್ಚಿದ್ರೆ ಸಾಕು, ಹೊಸ ಲ್ಯಾಕರ್ ಹಳೇದ್ರೊಳಗೆ ಕರಗಿ ಒಂದಾಗುತ್ತೆ. ಮಳೆ ಬರೋ ದಿನ ಮಾಡ್ಬೇಡಿ, ತೇವ ಒಳಗೆ ಸಿಕ್ಕಿ ಬೆಳ್ಳಗಾಗುತ್ತೆ. ಕೆಂಪು ಹಚ್ಚೋ ಆಸೆ ಬಂದ್ರೆ ಮೊದ್ಲು ಬಾಡಿ ಮೇಲಿರೋ ಪ್ಲಾಸ್ಟಿಕ್ ಹಲಗೆ, ಅಂದ್ರೆ ಪಿಕ್‌ಗಾರ್ಡ್, ಎತ್ತಿ ನೋಡಿ, ಚೆರ್ರಿ ಬಣ್ಣ ಬೆಳಕಿಗೆ ಮಾಸುತ್ತೆ, ಕೆಳಗಿರೋ ಕೆಂಪಿಗೂ ಮೇಲಿನದಕ್ಕೂ ಎಷ್ಟು ವ್ಯತ್ಯಾಸ ಅಂತ ಕಂಡ್ಮೇಲೆ ಕಲರ್ ಮ್ಯಾಚ್ ಮಾಡೋ ಆಸೆ ತಾನಾಗೇ ಹೋಗುತ್ತೆ. ನೆಕ್ ಹಿಂದಿನ ಅಂಟಿಗೆ ನ್ಯಾಫ್ತಾದಲ್ಲಿ ಒರೆಸಿ, ರಬ್ಬರ್ ಸ್ಟ್ಯಾಂಡ್ ತೆಗೆದು, ಕೆಲವು ವಾರ ಗಾಳಿಗೆ ಬಿಡಿ. ಗುರುತು ಪೂರ್ತಿ ಹೋಗಲ್ಲ. ನುಡಿಸುವಾಗ ಇನ್ನೂ ಕೈಗೆ ಅಂಟ್ತಿದ್ರೆ ಅಷ್ಟು ಜಾಗ ಮಾತ್ರ ಲ್ಯಾಕರ್ ಗೊತ್ತಿರೋ ರಿಪೇರಿಯವರ ಹತ್ರ ಸರಿ ಮಾಡ್ಸಿ.

ಹಾರ್ಡ್‌ವೇರ್‌ಗೆ ಬಂದ್ರೆ, ತಂತಿ ಎಲ್ಲಾ ಸಡಿಲ ಮಾಡಿ ಬ್ರಿಜ್ ಎತ್ಕೊಳ್ಳಿ, ಗಿಟಾರ್ ಮೇಲೇ ಇಟ್ಕೊಂಡು ಎಣ್ಣೆ ಹಾಕ್ಬೇಡಿ. ಎತ್ತೋಕೆ ಮುಂಚೆ ಒಂದು ಫೋಟೋ ತೆಗೀರಿ, ಒಂದೊಂದು ತಂತಿ ಕೂರೋ ಸಣ್ಣ ಸ್ಯಾಡಲ್‌ಗಳು ಯಾವುದು ಯಾವ ಕಡೆ ಮುಖ ಮಾಡಿತ್ತು ಅಂತ ಆಮೇಲೆ ನೆನಪಿರಲ್ಲ. ತುಕ್ಕು ಬಿಡಿಸೋ ತೆಳು ಎಣ್ಣೆ ಒಂದೊಂದು ಹನಿ ಸ್ಕ್ರೂಗೆ ಬಿಟ್ಟು ರಾತ್ರಿಯಿಡೀ ಬಿಡಿ. ಆಗ್ಲೂ ಬರ್ಲಿಲ್ಲ ಅಂದ್ರೆ ಎಣ್ಣೆ ಒರೆಸಿ, ಸೋಲ್ಡರಿಂಗ್ ಐರನ್ ತುದಿ ಸ್ಕ್ರೂ ತಲೆ ಮೇಲೆ ಒಂದು ನಿಮಿಷ ಇಟ್ಟು ಬಿಸಿ ಮಾಡಿ, ಆರಿದ್ಮೇಲೆ ಮತ್ತೆ ಎಣ್ಣೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರ್ಬೇಕು, ಹಳೇ ಸ್ಕ್ರೂಗಳು ತಲೆ ಸವೆದು ಹಾಳಾಗೋದು ತುಕ್ಕಿಗಿಂತ ಹೆಚ್ಚಾಗಿ ತಪ್ಪು ಸೈಜಿನ ಡ್ರೈವರ್‌ನಿಂದ. ವಿನಿಗರ್‌ನಲ್ಲಿ ನೆನೆಹಾಕಿ ಅಂತ ಎಲ್ಲರೂ ಹೇಳ್ತಾರೆ, ಬಿಡಿ ಸ್ಟೀಲ್ ಸ್ಕ್ರೂಗೆ ಅದು ಸರಿ, ಆದ್ರೆ ಗಿಬ್ಸನ್‌ನ ಟ್ಯೂನ್-ಒ-ಮ್ಯಾಟಿಕ್ ಅನ್ನೋ ಬ್ರಿಜ್‌ನ ಬಾಡಿ ಜಿಂಕ್ ಮಿಶ್ರಲೋಹದ ಎರಕ, ವಿನಿಗರ್ ಜಿಂಕನ್ನ ತಿನ್ನುತ್ತೆ, ಮೇಲಿನ ಕ್ರೋಮ್ ಲೇಪ ಕೆಳಗಿಂದ ಎದ್ದು ಬರುತ್ತೆ. ಇಡೀ ಬ್ರಿಜ್ ಮುಳುಗಿಸ್ಬೇಡಿ. ಗಿಬ್ಸನ್ 1965ರ ಸುಮಾರಿಗೆ ನಿಕಲ್ ಬಿಟ್ಟು ಕ್ರೋಮ್‌ಗೆ ಬಂತು, ನಿಮ್ಮದು ಸ್ವಲ್ಪ ನೀಲಿ ಛಾಯೆ ಹೊಡೆದು ಹೊಳೀತಿದ್ರೆ ಕ್ರೋಮ್, ಹಳದಿ ಮಿಶ್ರಿತ ಮಂಕಾಗಿದ್ರೆ ನಿಕಲ್. ನಿಕಲ್‌ನ ಆ ಮಂಕು ಉಜ್ಜೋಕೆ ಹೋಗ್ಬೇಡಿ.

ತಂತಿ ಬಿಗಿ ಮಾಡೋ ಟ್ಯೂನರ್ ಕವರ್‌ನಲ್ಲಿ ಸಣ್ಣ ತೂತಿದ್ರೆ ಅಲ್ಲಿ ಒಂದು ಹನಿ ತೆಳು ಎಣ್ಣೆ, ತಿರುಗಿಸಿ, ಹೆಚ್ಚಾಗಿದ್ದು ಒರೆಸಿ. ಪ್ಲಾಸ್ಟಿಕ್ ಗುಂಡಿಗಳು ಪುಡಿಯಾಗ್ತಿದ್ರೆ ಗುಂಡಿ ಮಾತ್ರ ಬದಲಾಯಿಸ್ಬಹುದು. ದೊಡ್ಡ ಟ್ಯೂನರ್ ಕೂರಿಸೋಕೆ ಹೆಡ್‌ಸ್ಟಾಕ್ (ನೆಕ್ ತುದಿ) ತೂತು ಅಗಲ ಮಾಡೋದು ಮಾತ್ರ ಯಾವ ಕಾರಣಕ್ಕೂ ಬೇಡ. ಕರಕರ ಅನ್ನೋ ಪಾಟ್ ಬದಲಾಯಿಸೋ ಅಗತ್ಯ ಬಹುಶಃ ಬರಲ್ಲ, ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಪಾಟ್‌ನ ಸಂದಿಗೆ ಸ್ವಲ್ಪ ಬಿಟ್ಟು ಈ ತುದಿಯಿಂದ ಆ ತುದಿಗೆ ಒಂದಿಪ್ಪತ್ತು ಸಲ ತಿರುಗಿಸಿ. ಲ್ಯಾಕರ್ ಮೇಲೆ ಹಾರದ ಹಾಗೆ ಸುತ್ತ ಬಟ್ಟೆ ಇಟ್ಕೊಳ್ಳಿ. ಏನೇ ಬದಲಾಯಿಸಿದ್ರೂ ಹಳೇದು ಒಂದು ಸ್ಕ್ರೂ ಸಹ ಬಿಸಾಡ್ಬೇಡಿ, ಹೆಸರು ಬರೆದ ಕವರ್‌ನಲ್ಲಿ ಹಾಕಿ ಕೇಸ್‌ನಲ್ಲಿಡಿ.

ಪ್ರಶ್ನೆ: ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕಪ್ಪಾಗಿದೆ, ಸ್ಟೀಲ್ ಉಲ್‌ನಲ್ಲಿ ಉಜ್ಜಬಹುದಾ? ಗೋಲ್ಡ್ ಟ್ಯೂನರ್‌ಗೂ ಅದೇ ನಡೆಯುತ್ತಾ?

ಉತ್ತರ: ಫ್ರೆಟ್‌ಗೆ ಅತೀ ನುಣುಪಿನದ್ದು ಬಳಸ್ಬಹುದು, ಆದ್ರೆ ತಂತಿ ಕೆಳಗಿರೋ ಅಯಸ್ಕಾಂತದ ಪಿಕಪ್‌ಗಳನ್ನ ಟೇಪ್‌ನಿಂದ ಪೂರ್ತಿ ಮುಚ್ಚಿ, ಉದುರೋ ಉಕ್ಕಿನ ಚೂರನ್ನ ಅಯಸ್ಕಾಂತ ಎಳ್ಕೊಂಡ್ರೆ ಬಿಡಿಸೋದು ದೊಡ್ಡ ತಲೆನೋವು. ಗೋಲ್ಡ್‌ಗೆ ಬೇಡವೇ ಬೇಡ. ಚಿನ್ನದ ಲೇಪ ಎಷ್ಟು ತೆಳು ಅಂದ್ರೆ ಯಾವ ಪಾಲಿಶ್ ಹಾಕಿ ಉಜ್ಜಿದ್ರೂ ಕೆಳಗಿನ ನಿಕಲ್ ಕಾಣುತ್ತೆ. ನುಡಿಸಿದ್ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ, ಅಷ್ಟೇ.

ಪ್ರಶ್ನೆ: ಹಳೇ ಆರ್ಚ್‌ಟಾಪ್ (ಮೇಲ್ಭಾಗ ಉಬ್ಬಿರೋ) ಎಲೆಕ್ಟ್ರಿಕ್ ಗಿಟಾರ್ ಇದೆ. ಪಿಕ್‌ಗಾರ್ಡ್ ಹತ್ತಿರದ ತಂತಿ, ಪಿಕಪ್ ಕವರ್ ಮಾತ್ರ ಹಸಿರುಗಟ್ಟುತ್ತೆ, ಬೇರೆ ಕಡೆ ಏನೂ ಇಲ್ಲ. ಹೊಸ ತಂತಿ ಹಾಕಿದ್ರೂ ಅದೇ ಕಥೆ.

ಉತ್ತರ: ತಪ್ಪು ತಂತಿಯದ್ದಲ್ಲ, ಪಿಕ್‌ಗಾರ್ಡ್‌ದೇ. ಅದು ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಇರ್ಬೇಕು, ಹಳೇದಾಗ್ತಾ ಕೊಳೆಯೋಕೆ ಶುರುವಾದ್ರೆ ಆಮ್ಲದ ಆವಿ ಬಿಡುತ್ತೆ, ಆ ಆವಿ ಹತ್ತಿರದ ಲೋಹ ತಿನ್ನುತ್ತೆ. ಇವತ್ತೇ ಬಿಚ್ಚಿ. ಬಿಚ್ಚಿದ ಪಿಕ್‌ಗಾರ್ಡನ್ನ ಗಿಟಾರ್ ಕೇಸ್‌ನಲ್ಲಿ ಮುಚ್ಚಿಡ್ಬೇಡಿ, ಗಾಳಿ ಆಡೋ ಡಬ್ಬಿಯಲ್ಲಿ, ಒಲೆ ಬಿಸಿಲು ತಾಗದ ಕಡೆ ಬೇರೆ ಇಡಿ, ಬೆಂಕಿ ತಾಗಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಅದರ ಆಕಾರ ಪೇಪರ್ ಮೇಲೆ ಗೀಚ್ಕೊಂಡು ಬೇರೆ ಪ್ಲಾಸ್ಟಿಕ್‌ನಲ್ಲಿ ಹೊಸದು ಮಾಡ್ಸಿ ಹಾಕಿ, ಸ್ಕ್ರೂ ತೂತು ಮಾತ್ರ ಹಳೇದೇ ಇರ್ಲಿ.